ರೋಗರಹಸ್ಯ ಶೃಂಖಲಾ ಪ್ರಕರಣ

ರೋಗದ ಗುಟ್ಟು ಮೂರು ವಿಧ. ರೋಗಿ ಬಚ್ಚಿಡುವುದು, ರೋಗಿಯಿಂದಲೇ ಬಚ್ಚಿಡುವುದು, ಬೀದಿಗೆಲ್ಲ ಗೊತ್ತಿದ್ದೂ ಗೊತ್ತಿಲ್ಲದಂತೆ ಎಲ್ಲರೂ ನಟಿಸುವುದು. ಇವಕ್ಕೆ ಕ್ರಮವಾಗಿ ಸ್ವಗುಪ್ತ, ಪರಗುಪ್ತ, ಲೋಕಗುಪ್ತ ಎಂದು ಹೆಸರಿಡೋಣ. ಸಂಸ್ಕೃತದಲ್ಲಿ ಹೆಸರಿಟ್ಟರೆ ಅರ್ಧ ಶಾಸ್ತ್ರ ಮುಗಿದಂತೆ. ಉಳಿದರ್ಧವನ್ನು ಇಂಗ್ಲಿಷಿನಲ್ಲಿ ಹೆಸರಿಡುವವರು ಮುಗಿಸುತ್ತಾರೆ. ಅವರ ವಿಚಾರ ಮುಂದೆ ಬರುತ್ತದೆ.

ಸ್ವಗುಪ್ತಕ್ಕೆ ಉದಾಹರಣೆ: ಮೂಲವ್ಯಾಧಿ, ನಿದ್ದೆಗೆಂದು ಹೇಳಿ ನುಂಗುವ ಖಿನ್ನತೆಯ ಮಾತ್ರೆ, ಮಕ್ಕಳಾಗಲಿಲ್ಲವೆಂದು ಮಾಡಿಸುವ ಪರೀಕ್ಷೆಗಳು, ಎಚ್‌ಐವಿ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಈ ವರ್ಗಕ್ಕೆ ಸೇರವು. ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಹಿಡಿದು ಬಂದ ಹುಡುಗನಿಗೆ ತನ್ನ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ದಶಾಂಶ ಸಹಿತ ಒಪ್ಪಿಸಿ, ಆಮೇಲೆ ‘ಅರ್ಧ ಹಾಕಪ್ಪ’ ಎನ್ನುವುದು ನಮ್ಮಲ್ಲಿ ಶಿಷ್ಟಾಚಾರ. ಇಂಥ ಮಾಹಿತಿಗೆ ಗೂಢಲಿಪಿಯ ಬೀಗ ಜಡಿದರೆ ಮೊದಲು ಬೇಜಾರಾಗುವುದು ರೋಗಿಗೇ.

ಪರಗುಪ್ತ ನಮ್ಮ ನೆಲದಲ್ಲಿ ಹುಲುಸಾಗಿ ಬೆಳೆಯುವ ಬೆಳೆ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಮಗ ಮಾತ್ರ ಹಿಂದಿರುಗಿ ಬಂದು, ಬಾಗಿಲು ಅರ್ಧ ಮುಚ್ಚಿ ಹೇಳುವ ಮಾತು: ‘ಅವರಿಗೆ ಗೊತ್ತಾಗೋದು ಬೇಡ ಡಾಕ್ಟ್ರೇ, ಗ್ಯಾಸ್ಟ್ರಿಕ್ ಅಂದ್ಬಿಡಿ.’ ಹಳ್ಳಿಯ ಅತ್ತಿಗೆಗೆ, ಬೆಂಗಳೂರಿನ ಷಡ್ಡಕನಿಗೆ, ನ್ಯೂಜೆರ್ಸಿಯ ತಮ್ಮನಿಗೆ ಗೊತ್ತಿರುವ ಕ್ಯಾನ್ಸರ್, ಅದನ್ನು ಹೊತ್ತ ಹೊಟ್ಟೆಯ ಒಡೆಯನಿಗೆ ಮಾತ್ರ ಗೊತ್ತಿಲ್ಲ. ಇದಕ್ಕೆ ಶಾಸ್ತ್ರಾಧಾರವೂ ಉಂಟು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರು ಶಿಷ್ಯನಿಗೆ ಕಟ್ಟಳೆ ವಿಧಿಸುವಾಗ ಎರಡು ಮಾತು ಹೇಳುತ್ತಾನೆ: ರೋಗಿಯ ಮನೆಯ ಒಳಗಿನ ಸಂಗತಿಯನ್ನು ಹೊರಗೆ ಆಡಬಾರದು, ರೋಗಿಯ ಆಯಸ್ಸು ಮುಗಿಯುತ್ತಿದೆ ಎಂದು ತಿಳಿದರೂ, ಹೇಳಿದರೆ ಅವನಿಗೋ ಬೇರೆಯವರಿಗೋ ಆಘಾತವಾಗುವಂತಿದ್ದರೆ ಬಾಯಿ ಬಿಡಬಾರದು. ಮೊದಲ ಕಟ್ಟಳೆಯನ್ನು ನಾವು ಮರೆತು ಎರಡನೆಯದನ್ನು ಉಳಿಸಿಕೊಂಡೆವು.

ಲೋಕಗುಪ್ತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಎಲ್ಲರಿಗೂ ಗೊತ್ತು.

ಶೃಂಖಲಾ ಲಕ್ಷಣ

ಈ ಗುಟ್ಟುಗಳಿಗೆಲ್ಲ ಒಂದೇ ಮದ್ದೆಂದು ಹೇಳುವ ಪಂಗಡವೊಂದಿದೆ. ಅವರ ಮದ್ದಿನ ಹೆಸರು ಬ್ಲಾಕ್‌ಚೈನ್. ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸುವುದು ಶಾಸ್ತ್ರಧರ್ಮವಾದ್ದರಿಂದ ಮೊದಲು ಅದರ ಲಕ್ಷಣ.

ಯಾವುದೇ ಕಡತವನ್ನು ಒಂದು ಗಣಿತಕ್ರಿಯೆಗೆ ಒಡ್ಡಿದರೆ ಅದರಿಂದ ಒಂದು ಮುದ್ರೆ ಹುಟ್ಟುತ್ತದೆ. ಎಸ್‌ಎಚ್‌ಎ–256 ಎಂಬ ಕ್ರಿಯೆಯಲ್ಲಾದರೆ ಆ ಮುದ್ರೆ 64 ಅಕ್ಷರದ್ದು. ಸಾವಿರ ಪುಟದ ಐಸಿಯು ಕಡತಕ್ಕೂ 64, ಏನೂ ಬರೆಯದ ಖಾಲಿ ಕಡತಕ್ಕೂ 64. ಖಾಲಿ ಹೊಟ್ಟೆಯ ಸಕ್ಕರೆ 126 ಎಂದು ಬರೆದ ವರದಿಯೊಂದಿದೆ ಎನ್ನಿ. ವೈದ್ಯರ ಲೆಕ್ಕದಲ್ಲಿ ಸಕ್ಕರೆ ಕಾಯಿಲೆಯ ಗಡಿಗಲ್ಲು ಅದೇ 126. ವಿಮೆ ಮಾಡಿಸುವವನೊಬ್ಬ ಆರನ್ನು ಅಳಿಸಿ ಐದು ಮಾಡಿದರೆ ಆಸಾಮಿ ಕಾಯಿಲೆಯಿಂದ ಪಾರಾದ, ಆದರೆ ಮುದ್ರೆ ಅಡಿಮೇಲಾಯಿತು. ಹಳೆಯ ಮುದ್ರೆಗೂ ಹೊಸದಕ್ಕೂ ಹೋಲಿಕೆಯೇ ಇರದು. ದಾಖಲೆಗಳ ಒಂದು ಕಂತೆಯ ಮುದ್ರೆಯನ್ನು ಮುಂದಿನ ಕಂತೆಯೊಳಗೆ, ಅದರದ್ದನ್ನು ಅದರ ಮುಂದಿನದರೊಳಗೆ ಸೇರಿಸುತ್ತ ಹೋಗಿ, ಇಡೀ ಮಾಲೆಯ ಪ್ರತಿಗಳನ್ನು ಬೇರೆ ಬೇರೆಯವರ ಕೈಯಲ್ಲಿ ಇಟ್ಟರೆ ಅದೇ ಚೈನು. ನಡುವಿನದೊಂದನ್ನು ಕದ್ದು ತಿದ್ದಿದವನು ಮುಂದಿನದೆಲ್ಲವನ್ನೂ ತಿದ್ದಬೇಕು, ಅದೂ ಎಲ್ಲರ ಕಣ್ಣೆದುರು.

ಲೋಕದಲ್ಲಿ ಇದರ ಕರ್ತೃತ್ವವನ್ನು ಸತೋಶಿ ನಾಕಾಮೊಟೊ ಎಂಬ ಮುಖವಿಲ್ಲದ ಮಹಾಶಯನಿಗೆ ಕಟ್ಟುವುದು ವಾಡಿಕೆ. 2008ರಲ್ಲಿ ಬಿಟ್‌ಕಾಯಿನ್ ಪ್ರಬಂಧ, 2009ರ ಜನವರಿ 3ಕ್ಕೆ ಮೊದಲ ಕಂತೆ. ಮುದ್ರೆಗಳ ಮಾಲೆ ಮಾತ್ರ ಅದಕ್ಕಿಂತ ಹಳೆಯದು. ಹೇಬರ್ ಮತ್ತು ಸ್ಟೋರ್ನೆಟಾ ಎಂಬಿಬ್ಬರು ದಾಖಲೆಗೆ ಕಾಲದ ಮುದ್ರೆ ಒತ್ತುವ ಉಪಾಯವನ್ನು 1991ರಲ್ಲೇ ಬರೆದಿದ್ದರು. ಅವರ ಕಂಪನಿ 1995ರಿಂದ ವಾರಕ್ಕೊಂದು ಮುದ್ರೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಚಿಕ್ಕ ಜಾಹೀರಾತಿನ ಅಂಕಣದಲ್ಲಿ, ಕಳೆದುಹೋದ ನಾಯಿ, ಸಿಕ್ಕಿದ ಛತ್ರಿಗಳ ಪಕ್ಕದಲ್ಲಿ ಅಚ್ಚು ಹಾಕಿಸತೊಡಗಿತು. ಪತ್ರಿಕೆಯ ಅಷ್ಟೂ ಪ್ರತಿಗಳನ್ನು ಊರೂರಿಂದ ಹುಡುಕಿ ತಿದ್ದುವ ಕಳ್ಳ ಇನ್ನೂ ಹುಟ್ಟಿಲ್ಲ.

ಈಗ ಆಕ್ಷೇಪ. ನಮ್ಮಲ್ಲಿ ಅಳಿಸಲಾಗದ ದಾಖಲೆಯ ವಿದ್ಯೆ ಶಾಸನಗಳ ಕಾಲದಿಂದ ಇದೆ. ಕಲ್ಲಿನಲ್ಲಿ ಕೊರೆಯಿಸಿ, ದೇವಸ್ಥಾನದ ಎದುರು ನಿಲ್ಲಿಸಿ, ಸಾಕ್ಷಿಗಳ ಹೆಸರು ಹಾಕಿ, ಅಳಿಸಿದವನಿಗೆ ಗೋಹತ್ಯೆಯ ಪಾಪವೆಂದು ಕೊನೆಗೆ ಶಾಪವನ್ನೂ ಕೊರೆಯುತ್ತಿದ್ದರು. ಭೂದಾನಕ್ಕೆ, ಕೆರೆಯ ದತ್ತಿಗೆ, ಸುಂಕದ ವಿನಾಯಿತಿಗೆ ಹೀಗೆ ಮಾಡಿದರು. ಆದರೆ ಯಾವ ಸಾಮಂತನೂ ತನ್ನ ಮೂಲವ್ಯಾಧಿಯನ್ನು ಕಲ್ಲಿನಲ್ಲಿ ಕೊರೆಯಿಸಿದಂತಿಲ್ಲ. ಅಳಿಯದೆ ಉಳಿಯಬೇಕಾದ್ದು ಬೇರೆ, ಯಾರೂ ನೋಡದೆ ಉಳಿಯಬೇಕಾದ್ದು ಬೇರೆ ಎಂಬ ವಿವೇಕ ಕಲ್ಲುಕುಟಿಗನಿಗಿತ್ತು. ಬ್ಲಾಕ್‌ಚೈನ್ ಕಾಯುವುದು ಸತ್ಯವನ್ನು. ಗುಟ್ಟನ್ನು ಕಾಯುವುದು ಅದರ ಹುಟ್ಟುಗುಣವಲ್ಲ, ಅದಕ್ಕೆ ಬೇರೆ ಬೀಗಗಳನ್ನು ಜೋಡಿಸಬೇಕು.

ಪ್ರಭೇದಗಳು

ಆರೋಗ್ಯದ ಚೈನುಗಳಲ್ಲಿ ಮೊದಲನೆಯದು ಬಹಿರಂಗ ಚೈನು. ಹೆಸರಿನ ಬದಲು ಸಂಕೇತವಿಟ್ಟು ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕದಲ್ಲಿ ಬರೆಯುವುದು. ಸಂಕೇತ ಇದ್ದಮೇಲೆ ಭಯವೇನು ಎನ್ನುತ್ತಾರೆ. 1997ರಲ್ಲಿ ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಇದಕ್ಕೆ ಉತ್ತರ ಕೊಟ್ಟಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ಭೇಟಿಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಆಕೆ ಕೇಂಬ್ರಿಜ್ ಊರಿನ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟರು. ರಾಜ್ಯಪಾಲ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಊರಲ್ಲಿ ಆರು ಮಂದಿ, ಅವರಲ್ಲಿ ಗಂಡಸರು ಮೂವರು, ಅವರ ಪಿನ್‌ಕೋಡಿನಲ್ಲಿ ಒಬ್ಬರೇ. ಒಂದು ದೋಸೆ ಹೋಟೆಲಿನ ಬಿಲ್ಲಿನಷ್ಟು ಖರ್ಚಿನಲ್ಲಿ ರಾಜ್ಯಪಾಲರ ರೋಗಚರಿತ್ರೆ ಕೈಗೆ ಬಂತು.

ಹೆಸರಿನ ಬದಲು ಫೋನ್ ನಂಬರಿನ ಮುದ್ರೆ ಇಟ್ಟರೆ? ಹತ್ತು ಅಂಕಿಯ ನಂಬರುಗಳು ಎಲ್ಲ ಸೇರಿ ಹೆಚ್ಚೆಂದರೆ ಸಾವಿರ ಕೋಟಿ. ಹುಡುಗರು ಗೇಮ್ ಆಡಲು ಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ನೂರಾರು ಕೋಟಿ ಮುದ್ರೆ ಒತ್ತುತ್ತದೆ. ಅಷ್ಟನ್ನೂ ಒತ್ತಿ ಹೋಲಿಸಿ ನೋಡಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಡ. ನಮ್ಮ ಸರ್ಕಾರಿ ಆರೋಗ್ಯ ಖಾತೆಯಾದ ಆಭಾದ ಸಂಖ್ಯೆ 14 ಅಂಕಿಯದು, ಅದಕ್ಕೆ ಗಂಟೆಗಳ ಲೆಕ್ಕ ಬೇಕಾದೀತು. ಮುದ್ರೆಗೆ ಮುಂಚೆ ಗುಪ್ತಾಕ್ಷರ ಬೆರೆಸಿದರೆ ಈ ದೋಷ ಹೋಗುತ್ತದೆ. ಆಗ ಆ ಗುಪ್ತಾಕ್ಷರವನ್ನು ಯಾರ ಹತ್ತಿರ ಇಡುವುದು ಎಂಬ ಹಳೆಯ ಪ್ರಶ್ನೆ ಹೊಸ ಅಂಗಿ ಹಾಕಿಕೊಂಡು ಬರುತ್ತದೆ.

ಎರಡನೆಯದು ಅಂತರಂಗ ಚೈನು. ಆಹ್ವಾನಿತರಿಗೆ ಮಾತ್ರ ಪ್ರವೇಶ. ನಾಲ್ಕು ಆಸ್ಪತ್ರೆ, ಎರಡು ವಿಮಾ ಕಂಪನಿ ಸೇರಿ ನಡೆಸುವಂಥದು. ಆರು ಜನರೂ ಒಬ್ಬರನ್ನೊಬ್ಬರು ನಂಬುವುದಾದರೆ ಸಾಧಾರಣ ಡೇಟಾಬೇಸ್ ಸಾಕಿತ್ತು. ನಂಬದಿದ್ದರೆ ರೋಗಿಯ ವಿವರವನ್ನು ಹಂಚಿಕೊಳ್ಳುವುದಾದರೂ ಏಕೆ ಎಂದು ಕೇಳಿದರೆ ಸಲಹೆಗಾರರು ಮುಂದಿನ ಸ್ಲೈಡಿಗೆ ಹೋಗುತ್ತಾರೆ.

ಮೂರನೆಯದು ಸೂಚೀ ಚೈನು. ರೋಗದ ವಿವರ ಆಸ್ಪತ್ರೆಯಲ್ಲೇ ಇರುತ್ತದೆ, ಯಾರು ಎಲ್ಲಿಂದ ಏನು ನೋಡಬಹುದು ಎಂಬ ಅಪ್ಪಣೆಯ ಚೀಟಿ ಮಾತ್ರ ಚೈನಿನಲ್ಲಿ. 2016ರಲ್ಲಿ ಎಂಐಟಿಯವರು ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯವರ ಜೊತೆ ಸೇರಿ ಎಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲೆ ಕಟ್ಟಿದ ಮೆಡ್‌ರೆಕ್ ಈ ಜಾತಿಯದು. ವಿಚಾರ ಚೊಕ್ಕವಾಗಿದೆ.

ನಾಲ್ಕನೆಯದು ಪ್ರಾಯಶ್ಚಿತ್ತ ಚೈನು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ 16 ಲಕ್ಷ ರೋಗಿಗಳ ದಾಖಲೆಯನ್ನು ಗೂಗಲ್ ಬಳಗದ ಡೀಪ್‌ಮೈಂಡ್‌ಗೆ ಕೊಟ್ಟು ಗದ್ದಲವಾದ ಮೇಲೆ, 2017ರ ಮಾರ್ಚಿನಲ್ಲಿ ಆ ಕಂಪನಿ, ಯಾರು ಯಾವ ಮಾಹಿತಿ ಮುಟ್ಟಿದರೆಂಬುದನ್ನು ತಿದ್ದಲಾಗದ ಲೆಕ್ಕದಲ್ಲಿ ಬರೆಯುವ ಯೋಜನೆ ಪ್ರಕಟಿಸಿತು. ಜುಲೈನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು, ದಾಖಲೆ ಕೊಟ್ಟದ್ದೇ ಕಾನೂನಿಗೆ ಹೊಂದಲಿಲ್ಲ ಎಂದರು. ಕೊಟ್ಟಾದ ಮೇಲೆ ಲೆಕ್ಕ ಬರೆಯುವುದರಲ್ಲಿ ತಪ್ಪೇನಿಲ್ಲ. ಕ್ರಮ ಹಿಂದುಮುಂದಾಯಿತು ಅಷ್ಟೆ.

ಐದನೆಯದು ಮಾತ್ರಾ ಚೈನು. ಇದರಲ್ಲಿ ರೋಗಿಯೇ ಇಲ್ಲ, ಮಾತ್ರೆ ಮಾತ್ರ ಇದೆ. 2020ರ ಜನವರಿಯಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರ ತನ್ನ ಬ್ಲಾಕ್‌ಚೈನ್ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲೇ. ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ಔಷಧಿಯ ಜಾಡು ಹಿಡಿಯಲು ಕರ್ನಾಟಕ ಈ ವಿದ್ಯೆಯನ್ನು ಹಚ್ಚಿಕೊಂಡಿದೆ. ಪ್ಯಾರಾಸಿಟಮಾಲ್‌ಗೆ ಮಾನ ಮರ್ಯಾದೆಯ ಪ್ರಶ್ನೆ ಇಲ್ಲ. ಎಲ್ಲಿ ಹೊರಟಿತು, ಎಲ್ಲಿ ನಿಂತಿತು ಎಂದು ಎಷ್ಟು ಜನ ನೋಡಿದರೂ ಅದು ನಾಚುವುದಿಲ್ಲ. ಚೈನಿಗೆ ಹೇಳಿಮಾಡಿಸಿದ ರೋಗಿ.

ಆರನೆಯ ಪ್ರಭೇದ ಘೋಷಣಾ ಚೈನು. ಅದು ಸಮಾವೇಶದ ವೇದಿಕೆಯಲ್ಲಿ ಹುಟ್ಟಿ ಊಟದ ವಿರಾಮದಲ್ಲಿ ತೀರಿಕೊಳ್ಳುತ್ತದೆ. ಸಂಖ್ಯೆಯಲ್ಲಿ ಉಳಿದ ಐದನ್ನೂ ಮೀರಿಸುವುದು ಇದೇ.

ಎಸ್ಟೋನಿಯಾ ವಿಚಾರ

ಈ ವಿಷಯದಲ್ಲಿ ಯಾರೇ ಬಾಯಿ ತೆರೆದರೂ ಎರಡನೆಯ ವಾಕ್ಯದಲ್ಲಿ ಎಸ್ಟೋನಿಯಾ ಬರುತ್ತದೆ. ಒಟ್ಟು ಜನಸಂಖ್ಯೆ ಸುಮಾರು 13 ಲಕ್ಷ, ನಮ್ಮ ಒಂದು ಮಧ್ಯಮ ಜಿಲ್ಲೆಯಷ್ಟು. 2007ರಲ್ಲಿ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯೊಂದನ್ನು ಎತ್ತಿ ಬೇರೆ ಕಡೆ ಇಟ್ಟದ್ದಕ್ಕೆ ಆ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ದಾಳಿಯಾಯಿತು. ಅಲ್ಲಿಂದ ಅವರಿಗೆ ಹತ್ತಿದ ಚಿಂತೆ: ನಮ್ಮ ದಾಖಲೆಯನ್ನು ಕದಿಯುವುದಿರಲಿ, ಗೊತ್ತಾಗದಂತೆ ತಿದ್ದಿಬಿಟ್ಟರೆ? ರಕ್ತದ ಗುಂಪು ಬಯಲಾದರೆ ಮುಜುಗರ, ಬದಲಾದರೆ ಮರಣ. ಹಾಗಾಗಿ 2016ರಲ್ಲಿ ಗಾರ್ಡ್‌ಟೈಮ್ ಎಂಬ ಅಲ್ಲಿಯದೇ ಕಂಪನಿಯ ಮುದ್ರಾಮಾಲೆಯನ್ನು ಆರೋಗ್ಯ ದಾಖಲೆಗಳಿಗೂ ತೊಡಿಸಲು ಒಪ್ಪಂದವಾಯಿತು.

ಇಲ್ಲಿ ಭಾಷ್ಯಕಾರರು ಎಡವುವುದು ಹೆಚ್ಚು. ರೋಗಿಗಳ ಕಾಯಿಲೆ ಆ ಮಾಲೆಯಲ್ಲಿ ಇಲ್ಲ, ಮುದ್ರೆಗಳಷ್ಟೇ ಇವೆ. ಆಸ್ಪತ್ರೆ, ಕಚೇರಿಗಳ ನಡುವೆ ಮಾಹಿತಿ ಸಾಗಿಸುವ ಎಕ್ಸ್–ರೋಡ್ ಎಂಬ ದಾರಿಯನ್ನೂ ಬ್ಲಾಕ್‌ಚೈನ್ ಎಂದೇ ಜಗತ್ತು ಕೊಂಡಾಡುತ್ತಿತ್ತು. ಕೊನೆಗೆ ಅದನ್ನು ನೋಡಿಕೊಳ್ಳುವ ಸಂಸ್ಥೆಯೇ 2018ರಲ್ಲಿ, ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಪ್ರಕಟಿಸಬೇಕಾಯಿತು. ಹೊಗಳಿಕೆಯನ್ನು ಲಿಖಿತವಾಗಿ ನಿರಾಕರಿಸಿದ ಸರ್ಕಾರಿ ಸಂಸ್ಥೆ ನನಗೆ ತಿಳಿದಂತೆ ಇದೊಂದೇ.

ಎಸ್ಟೋನಿಯಾದ ನಿಜವಾದ ಹೆಚ್ಚುಗಾರಿಕೆ ಮಾಲೆಯ ಕಡೆ ಇಲ್ಲ, ಹಾಜರಿ ಪುಸ್ತಕದ ಕಡೆ ಇದೆ. ಅಲ್ಲಿನ ಪ್ರಜೆ ಗುರುತಿನ ಕಾರ್ಡು ಹಾಕಿ ಒಳಹೊಕ್ಕರೆ ತನ್ನ ದಾಖಲೆಯನ್ನು ಯಾವ ವೈದ್ಯ, ಯಾವ ದಿನ ತೆರೆದು ನೋಡಿದ ಎಂದು ಸಾಲುಸಾಲಾಗಿ ಕಾಣುತ್ತದೆ. ಬೇಡವೆನಿಸಿದ ದಾಖಲೆಯನ್ನು ಮುಚ್ಚಿಡಬಹುದು. ಕೆಲಸವಿಲ್ಲದೆ ಇಣುಕಿದವನನ್ನು ಕಾರಣ ಕೇಳಬಹುದು. ಆ ಪುಸ್ತಕದಿಂದ ತನ್ನ ಹೆಸರನ್ನು ಯಾರೂ ಹೊಡೆದುಹಾಕದಂತೆ ನೋಡಿಕೊಳ್ಳಲು ಮುದ್ರೆ. ಇದು ಶುದ್ಧ ಪ್ರಯೋಜನ, ಇದಕ್ಕೆ ನನ್ನ ಆಕ್ಷೇಪವಿಲ್ಲ.

ಇಷ್ಟೆಲ್ಲ ಕಾವಲಿರುವ ದೇಶದಲ್ಲಿ 2024ರ ಏಪ್ರಿಲ್‌ನಲ್ಲಿ ಸುಮಾರು 7 ಲಕ್ಷ ಜನರ ಗುರುತಿನ ಸಂಖ್ಯೆಗಳು ಕಳುವಾದ ಸುದ್ದಿ ಬಂತು. ಸೋರಿದ್ದು ಸರ್ಕಾರದ ಆರೋಗ್ಯ ವ್ಯವಸ್ಥೆಯಿಂದ ಅಲ್ಲ. ಅಪೋತೇಕಾ ಎಂಬ ಔಷಧ ಮಳಿಗೆಗಳ ಸರಣಿಯಲ್ಲಿ ರಿಯಾಯಿತಿಗೆಂದು ಕೊಡುವ ಗ್ರಾಹಕ ಕಾರ್ಡಿನ ಡೇಟಾಬೇಸ್‌ನ ಬ್ಯಾಕಪ್ ಪ್ರತಿಯಿಂದ. ಚೀಟಿ ಇಲ್ಲದೆ ಯಾರು ಏನು ಕೊಂಡರು ಎಂಬ ವಿವರವೂ ಅದರಲ್ಲಿತ್ತು. ದೇಶದ ಅರ್ಧ ಜನ ಐದು ಪರ್ಸೆಂಟ್ ರಿಯಾಯಿತಿಯ ಆಸೆಗೆ ತಮ್ಮ ಸ್ವಗುಪ್ತವನ್ನು ತಾವೇ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು ಬಂದಿದ್ದರು ಎನ್ನೋಣ; ಪರ್ಸೆಂಟ್ ಎಷ್ಟೆಂಬುದು ನನ್ನ ಊಹೆ.

ಚೋರ ವರ್ಗ

ಕಳ್ಳರಲ್ಲಿ ತಿದ್ದುವವನು, ಇಣುಕುವವನು, ಒತ್ತೆಯಿಡುವವನು ಎಂದು ಮೂರು ಜಾತಿ. ಚೈನು ಮೊದಲನೆಯವನಿಗೆ ಯಮ. ಎರಡನೆಯವನ ಹೆಸರು ಬರೆದುಕೊಳ್ಳುತ್ತದೆ. ಮೂರನೆಯವನಿಗೆ ಮಾತ್ರ ಅದು ಅನ್ನದಾತ.

ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಕೇಂದ್ರದ ಸುಮಾರು 33,000 ರೋಗಿಗಳ ಕಡತ ಕದ್ದವನು, ಕಂಪನಿ ಹಣ ಕೊಡದಿದ್ದಾಗ 2020ರ ಅಕ್ಟೋಬರಿನಲ್ಲಿ ರೋಗಿಗಳಿಗೇ ಒಬ್ಬೊಬ್ಬರಾಗಿ ಇಮೇಲ್ ಕಳಿಸಿದ: 200 ಯೂರೊ ಬಿಟ್‌ಕಾಯಿನ್ ಮೂಲಕ ಕೊಡಿ, ಇಲ್ಲವಾದರೆ ನೀವು ಚಿಕಿತ್ಸಕರ ಬಳಿ ಅತ್ತುಕೊಂಡು ಹೇಳಿದ್ದೆಲ್ಲ ಬಯಲಾಗುತ್ತದೆ. 2024ರಲ್ಲಿ ಅವನಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಕಂಪನಿಯ ಮೇಲೆ ದಾಳಿಯಾಗಿ ಸುಮಾರು 19 ಕೋಟಿ ಜನರ ಮಾಹಿತಿ ಕೈಬಿಟ್ಟಿತು. ಒಳನುಗ್ಗಲು ಕಳ್ಳರು ಗಣಿತವನ್ನೇನೂ ಭೇದಿಸಲಿಲ್ಲ. ಕದ್ದ ಒಂದು ಪಾಸ್‌ವರ್ಡ್ ಸಾಕಾಯಿತು. ಆ ಬಾಗಿಲಿಗೆ ಓಟಿಪಿಯಂಥ ಎರಡನೆಯ ಚಿಲಕವೇ ಇರಲಿಲ್ಲ. ಒತ್ತೆಹಣ 2.2 ಕೋಟಿ ಡಾಲರು ಸಂದಾಯವಾದದ್ದು ಬಿಟ್‌ಕಾಯಿನ್‌ನಲ್ಲಿ. ರೋಗಿಯ ಮಾಹಿತಿ ಮತ್ತು ಬ್ಲಾಕ್‌ಚೈನ್ ಸೇರಿ ಇದುವರೆಗೆ ದೊಡ್ಡ ಪ್ರಮಾಣದಲ್ಲಿ ತಡೆಯಿಲ್ಲದೆ ನಡೆದ ವ್ಯವಹಾರ ಯಾವುದೆಂದು ಕೇಳಿದರೆ ಈ ಪ್ರಕರಣದ ಉತ್ತರ ಇದು.

ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು 2022ರ ನವೆಂಬರ್ 23ರಂದು ಕೈಕೊಟ್ಟಾಗ ಎರಡು ವಾರದ ಹತ್ತಿರ ಕಾಗದ, ಪೆನ್ನಿನಲ್ಲಿ ಕೆಲಸ ನಡೆಯಿತು. ತಿದ್ದಲಾಗದ, ಕದಿಯಲಾಗದ, ವೈದ್ಯರ ಹೊರತು ಯಾರೂ ಓದಲಾಗದ ಲಿಪಿ ಆ ಹದಿನೈದು ದಿನ ಮತ್ತೆ ಚಾಲ್ತಿಗೆ ಬಂತು.

ಬಲ್ಲವರ ಗಣನೆ

ಚೈನುವಾದಿಗಳ ಚಿತ್ರದಲ್ಲಿ ರೋಗಿ ಒಂದು ತುದಿ, ವೈದ್ಯ ಇನ್ನೊಂದು ತುದಿ, ನಡುವೆ ಗಣಿತ. ನಮ್ಮ ಯಾವುದಾದರೂ ಲ್ಯಾಬಿನ ಕೌಂಟರಿನ ಮುಂದೆ ಬೆಳಗಿನ ಎಂಟು ಗಂಟೆಗೆ ನಿಂತು ನೋಡಿ. ಒಳಗಿನಿಂದ ಬಂದ ಹುಡುಗಿ ವರದಿಗಳ ಕಟ್ಟು ಹಿಡಿದು ಕೂಗುತ್ತಾಳೆ: ‘ಥೈರಾಯ್ಡ್ ಯಾರ್ದು? ಪ್ರೆಗ್ನೆನ್ಸಿ ಯಾರ್ದು?’ ಎರಡನೆಯದಕ್ಕೆ ಕೈಯೆತ್ತುವವರಿಲ್ಲ. ಹುಡುಗಿ ಹೆಸರು, ವಯಸ್ಸು, ಗಂಡನ ಹೆಸರು ಮೂರನ್ನೂ ಸೇರಿಸಿ ಇನ್ನೊಮ್ಮೆ ಕೂಗುತ್ತಾಳೆ. ಮೂತ್ರದ ಬಾಟಲಿಯನ್ನು ಕರ್ಚೀಫಿನಲ್ಲಿ ಮುಚ್ಚಿ ತಂದವರು ಅದನ್ನು ಕೌಂಟರಿನ ತಟ್ಟೆಯಲ್ಲಿ, ಹೆಸರು ಬರೆದ ಇತರ ಬಾಟಲಿಗಳ ಸಾಲಿನಲ್ಲಿ ಇಡುತ್ತಾರೆ. ಪಕ್ಕದ ಬೆಂಚಿನ ಅಜ್ಜಿ ಎಲ್ಲ ಬಣ್ಣಗಳನ್ನೂ ಹೋಲಿಸಿ ನೋಡುತ್ತಾರೆ. ಅಲ್ಲಿಂದ ಜೆರಾಕ್ಸ್ ಅಂಗಡಿ: ಆಧಾರ್ ಕಾರ್ಡಿನ ಜೊತೆಗೆ ವರದಿಯೂ ಅವನ ಗಾಜಿನ ಮೇಲೆ. ಮೆಡಿಕಲ್ ಶಾಪಿನವನಿಗೆ ಚೀಟಿಯ ಫೋಟೊ ವಾಟ್ಸಾಪ್‌ನಲ್ಲಿ. ಅವನು ಮಾತ್ರೆಗಳನ್ನು ಕೊಟ್ಟು ಕಳಿಸುವ ಹುಡುಗ ನಮ್ಮದೇ ಬೀದಿಯವನು.

ಹೀಗೆ ಎಣಿಸಿದರೆ ಅಧಿಕೃತ ಬಲ್ಲವರು, ಅರೆಬಲ್ಲವರು, ಬೆಂಚುಬಲ್ಲವರು ಎಂಬ ಮೂರು ವರ್ಗವಾಗುತ್ತದೆ. ಚೈನಿನ ಕಣ್ಣು ಮೊದಲನೆಯ ವರ್ಗದಾಚೆ ಹಾಯುವುದಿಲ್ಲ.

ನಾಲ್ಕನೆಯ ವರ್ಗವೊಂದನ್ನು 2020ರಲ್ಲಿ ಸೇರಿಸಬೇಕಾಯಿತು, ಸರ್ಕಾರಿ ಬಲ್ಲವರು. ಆ ಮಾರ್ಚಿನಲ್ಲಿ ಹೊರದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳನ್ನು ಕರ್ನಾಟಕ ಸರ್ಕಾರವೇ ಜಿಲ್ಲಾವಾರು ಪಟ್ಟಿ ಮಾಡಿ ಪ್ರಕಟಿಸಿತು. ಮುಂಗೈಗೆ ಅಳಿಯದ ಶಾಯಿಯ ಸೀಲು ಬಿತ್ತು. ಅಷ್ಟರ ಮಟ್ಟಿಗೆ ತಿದ್ದಲಾಗದ ದಾಖಲೆ ಎಂಬ ಲಕ್ಷಣ ರೋಗಿಯ ಚರ್ಮದ ಮೇಲೇ ಸಿದ್ಧಿಸಿತು. ಕ್ವಾರಂಟೈನ್ ವಾಚ್ ಎಂಬ ಆ್ಯಪಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕು, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನಿದ್ದೆಗೆ ವಿನಾಯಿತಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿನ ನೆತ್ತಿಯ ಮೇಲಿರುವ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದು. ತೀರ್ಪು ಬಂದು ಮೂರು ವರ್ಷ ತುಂಬಿರಲಿಲ್ಲ.

ಖಿಲ ಭಾಗ

ಉಳಿದ ಎರಡು ಸಂದೇಹಗಳನ್ನು ಇಲ್ಲಿ ತುರುಕುತ್ತೇನೆ. ಒಂದು, ಅಳಿಸುವಿಕೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ನಿಯಮವೂ ನಮ್ಮ 2023ರ ಕಾಯ್ದೆಯೂ ‘ನನ್ನ ವಿವರ ಅಳಿಸಿ’ ಎಂದು ಕೇಳುವ ಹಕ್ಕು ಕೊಟ್ಟಿವೆ. ಚೈನಿನ ಪ್ರತಿಜ್ಞೆಯೇ ಅಳಿಸುವುದಿಲ್ಲ ಎಂಬುದು. ಮಾಹಿತಿಯನ್ನು ಹೊರಗಿಟ್ಟು ಮುದ್ರೆಯನ್ನಷ್ಟೇ ಒಳಗಿಡಿ ಎಂಬುದು ಪಂಡಿತರು ಕಂಡುಕೊಂಡ ಸಂಧಿ. ಪ್ರತಿಜ್ಞೆಯೂ ಅಷ್ಟೇನೂ ಭೀಷ್ಮನದ್ದಲ್ಲ. 2016ರಲ್ಲಿ ಎಥೀರಿಯಂ ಮೇಲಿನ ಡಿಎಒ ಎಂಬ ನಿಧಿಯಿಂದ ಕೋಟಿಗಟ್ಟಲೆ ಡಾಲರು ಸೋರಿದಾಗ ಬಹುಮತದವರು ಸೇರಿ ಲೆಕ್ಕವನ್ನೇ ತಿರುಗಿಸಿ ಹಣ ವಾಪಸು ಪಡೆದರು. ರೋಗಿಯೊಬ್ಬನ ಮಾನ ಹೋದರೆ ಅಷ್ಟು ಜನ ಸೇರುವರೇ ಎಂಬುದನ್ನು ಓದುಗರೇ ತರ್ಕಿಸಬೇಕು.

ಎರಡು, ಬೀಗದ ಕೈ. ರೋಗಿಯೇ ತನ್ನ ಮಾಹಿತಿಯ ಒಡೆಯ, ಕೀಲಿ ಅವನ ಕೈಯಲ್ಲೇ ಎನ್ನುತ್ತಾರೆ. ಪಾರ್ಶ್ವವಾಯು ಹೊಡೆದು ಪ್ರಜ್ಞೆ ತಪ್ಪಿದವನ ಕೀಲಿ? ಕೀಲಿ ಕಳೆದರೆ ಬ್ಯಾಂಕಿನ ಮ್ಯಾನೇಜರನಂತೆ ಯಾರೂ ಹೊಸದು ಕೊಡುವುದಿಲ್ಲ. ನಮ್ಮಲ್ಲಿ ಆಭಾ ಖಾತೆಯ ಓಟಿಪಿ ಹೋಗುವುದು ಹೆಚ್ಚಾಗಿ ಮಗನ ಮೊಬೈಲಿಗೆ. ಒಪ್ಪಿಗೆ ಒತ್ತುವವನು ಮಗ, ರೋಗದ ಹೆಸರು ಓದುವವನು ಮಗ, ಗ್ಯಾಸ್ಟ್ರಿಕ್ ಎಂದು ಅನುವಾದಿಸುವವನೂ ಮಗನೇ. ಪರಗುಪ್ತವನ್ನು ಕಾಯಲು ಇದಕ್ಕಿಂತ ಬಿಗಿಯಾದ ತಂತ್ರಜ್ಞಾನವನ್ನು ಎಂಐಟಿ ಕೂಡ ಕಟ್ಟಿಲ್ಲ.

ಆದ್ದರಿಂದ ನಿರ್ಣಯ ಹೀಗೆ: ಕಾಯಿಲೆಯನ್ನು ಚೈನಿಗೆ ಏರಿಸಬಾರದು. ಕಾಯಿಲೆಯನ್ನು ಯಾರು ತೆರೆದು ನೋಡಿದರು ಎಂಬ ಪುಸ್ತಕವನ್ನು ಏರಿಸಬಹುದು, ಮತ್ತು ಪ್ರತಿಸಲ ಯಾರೋ ತೆರೆದಾಗ ರೋಗಿಗೆ ಒಂದು ಎಸ್ಸೆಮ್ಮೆಸ್ ಹೋಗಬೇಕು. ಆ ಎಸ್ಸೆಮ್ಮೆಸ್ ಯಾರ ನಂಬರಿಗೆ ಎಂಬಲ್ಲಿ ಆಚಾರ್ಯರಲ್ಲಿ ಮತಭೇದವಿದೆ. ಮಗನಿಗೆ ಎಂದು ಪೂರ್ವಾಚಾರ್ಯರು, ಬಿಲ್ಲು ಕಟ್ಟುವವನು ಅಳಿಯನಾದ್ದರಿಂದ ಅಳಿಯನಿಗೆ ಎಂದು ನವ್ಯರು. ರೋಗಿಗೇ ಕಳಿಸಬಹುದು ಎಂಬ ಮೂರನೆಯ ಮತವೊಂದುಂಟು, ಆದರೆ ಅವರ ಹತ್ತಿರ ಇರುವುದು ಹಳೆಯ ಬಟನ್ ಫೋನು, ಅದರ ಇನ್‌ಬಾಕ್ಸ್ ರಿಚಾರ್ಜ್ ಆಫರುಗಳಿಂದ ತುಂಬಿ ಎರಡು ವರ್ಷವಾಯಿತು.